ಕೇಳಿ ಹೇಳ್ತೀವಿ: ಟೆಸ್ಟ್‌ನ ಕಾನ್ಫಿಗ್ ಟೆಸ್ಟ್ ಜೊತೆಗೇ ಇರಲಿ

ಪ್ರಶ್ನೆ: ನಮ್ಮ ಕೋಡ್ ಓಪನ್‌ಎಸ್‌ಎಸ್‌ಎಲ್ 3.0 ಅನ್ನೋ ಗೂಢಲಿಪಿ ಲೈಬ್ರರಿ ಮೇಲೆ ನಿಂತಿದೆ. ಹಳೆಯ ಡೇಟಾ ಓದೋಕೆ ಎಂಡಿ4 ಅನ್ನೋ ಹಳೆಯ ಅಲ್ಗಾರಿದಮ್ ಬೇಕಿತ್ತು, ಅದಕ್ಕೆ ಬಿಲ್ಡ್ ಸರ್ವರ್‌ನ ಕಾನ್ಫಿಗ್ ಫೈಲ್‌ನಲ್ಲಿ ಲೆಗಸಿ ಪ್ರೊವೈಡರ್ ಆನ್ ಮಾಡಿದೆವು. ಈಗ ಅಲ್ಲಿ ಎಸ್‌ಎಚ್‌ಎ-256 ಕೂಡ ಸಿಗುತ್ತಿಲ್ಲ, ಟೆಸ್ಟ್‌ಗಳು ಸಾಲಾಗಿ ಫೇಲ್ ಆಗುತ್ತಿವೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದೇ ಟೆಸ್ಟ್‌ಗಳು ಓಡುತ್ತವೆ, ಎಂಡಿ4 ಒಂದು ಬಿಟ್ಟು. ಕೋಡ್ ಒಂದೇ, ವರ್ಷನ್ ಒಂದೇ. ಏನು ಮಾಡೋದು ಸರ್?

ಉತ್ತರ: ಕೋಡ್ ಮುಟ್ಟಬೇಡಿ, ತೊಂದರೆ ಅಲ್ಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬಂದ 3.0ರಿಂದ ಅಲ್ಗಾರಿದಮ್‌ಗಳನ್ನೆಲ್ಲ ಪ್ರೊವೈಡರ್ ಅನ್ನೋ ಬೇರೆಬೇರೆ ಕಟ್ಟುಗಳಾಗಿ ಹಂಚಿದ್ದಾರೆ. ದಿನಬಳಕೆಯವು ಡಿಫಾಲ್ಟ್‌ನಲ್ಲಿವೆ. ಎಂಡಿ4, ಆರ್‌ಸಿ4, ಬ್ಲೋಫಿಶ್‌ನಂಥ ಹಳಬರು ಲೆಗಸಿಗೆ ಹೋಗಿದ್ದಾರೆ. ಕಾನ್ಫಿಗ್‌ನಲ್ಲಿ ನೀವು ಯಾವ ಪ್ರೊವೈಡರನ್ನೂ ಆನ್ ಮಾಡದಿದ್ದರೆ ಡಿಫಾಲ್ಟ್ ತಾನಾಗೇ ಬರುತ್ತದೆ. ಆದರೆ ಒಂದನ್ನು ಹೆಸರು ಹೇಳಿ ಕರೆದಿರೋ, ಡಿಫಾಲ್ಟ್ ಸುಮ್ನೆ ಬರೋದು ನಿಂತುಹೋಗುತ್ತದೆ, ಅದನ್ನೂ ಹೆಸರು ಹೇಳೇ ಕರೆಯಬೇಕು. ಸರ್ವರ್‌ನ ಫೈಲ್ ತೆಗೆದು ಡಿಫಾಲ್ಟ್ ಸೆಕ್ಷನ್ ನೋಡಿ: ‘ಆಕ್ಟಿವೇಟ್ = 1’ ಅನ್ನೋ ಸಾಲಿನ ಮುಂದೆ ಹ್ಯಾಶ್ ಗುರುತು (#) ಹಾಗೇ ಇರುತ್ತದೆ, ಅದಿದ್ದರೆ ಆ ಸಾಲು ಲೆಕ್ಕಕ್ಕಿಲ್ಲ. ಫೈಲ್ ಬರುವುದೇ ಹಾಗೆ. ಲೆಗಸಿ ಸೇರಿಸುವವರು ಆ ಹ್ಯಾಶ್ ತೆಗೆಯೋದನ್ನು ಮರೆಯುತ್ತಾರೆ. ಹೀಗೆ ಮಾಡಿದರೆ ದೂರದಿಂದ ಆ ಮಷೀನಿಗೆ ಲಾಗಿನ್ ಆಗೋದೇ ನಿಂತುಹೋಗಬಹುದು ಅಂತ ಅದೇ ಫೈಲ್‌ನ ಕಾಮೆಂಟ್‌ನಲ್ಲಿ ಎಚ್ಚರಿಕೆ ಇದೆ, ಯಾರೂ ಓದುವುದಿಲ್ಲ.

ಆದರೆ ಹ್ಯಾಶ್ ತೆಗೆದು ಮುಂದೆ ಹೋಗಬೇಡಿ ಅಂತಲೇ ನಾನು ಹೇಳೋದು. ನಿಮ್ಮ ಟೆಸ್ಟ್ ಸರ್ವರ್‌ನ ಫೈಲನ್ನು ಓದುತ್ತಿದೆ, ಅದೇ ಮೂಲ ತೊಂದರೆ. ಆ ಫೈಲ್ ನಿಮ್ಮದಲ್ಲ, ಲಿನಕ್ಸ್ ಹಂಚುವವರದ್ದು, ಅವರು ಅವರ ಅಗತ್ಯಕ್ಕೆ ಬದಲಿಸುತ್ತಾರೆ. 2019ರಲ್ಲಿ ಬಂದ ಡೆಬಿಯನ್ 10 ತನ್ನ ಕಾನ್ಫಿಗ್‌ನಲ್ಲಿ ಕನಿಷ್ಠ ಟಿಎಲ್‌ಎಸ್ (ನೆಟ್‌ವರ್ಕ್ ಸಂಪರ್ಕವನ್ನು ಭದ್ರಗೊಳಿಸುವ ನಿಯಮಾವಳಿ) 1.2, ಸೆಕ್ಯುರಿಟಿ ಲೆವೆಲ್ (ಕೀ ಎಷ್ಟು ಬಲವಾಗಿರಬೇಕು ಅನ್ನೋ ಮಟ್ಟ) 2 ಅಂತ ಇಟ್ಟಿತು. ಓಪನ್‌ಎಸ್‌ಎಸ್‌ಎಲ್‌ನ ಸ್ವಂತ ಡಿಫಾಲ್ಟ್ ಆಗ ಲೆವೆಲ್ 1. ಲೆವೆಲ್ 2ರಲ್ಲಿ 1024 ಬಿಟ್ ಆರ್‌ಎಸ್‌ಎ ಕೀ ನಡೆಯುವುದಿಲ್ಲ. ಅಂಥ ಕೀ ಇಟ್ಟುಕೊಂಡ ಟೆಸ್ಟ್ ಒಂದು ಮಷೀನಿನಲ್ಲಿ ಪಾಸ್, ಇನ್ನೊಂದರಲ್ಲಿ ಫೇಲ್, ಯಾರ ತಪ್ಪೂ ಇಲ್ಲದೆ!

ಓಪನ್‌ಎಸ್‌ಎಸ್‌ಎಲ್‌ನವರು ತಮ್ಮ ಟೆಸ್ಟ್‌ಗಳಿಗೆ ಮಾಡಿರೋದನ್ನೇ ನೀವೂ ಮಾಡಿ. ಅವರ ಟೆಸ್ಟ್ ಫೋಲ್ಡರ್‌ನಲ್ಲಿ ಡಿಫಾಲ್ಟ್ ಮಾತ್ರ ಇರುವ ಫೈಲ್ ಬೇರೆ, ಡಿಫಾಲ್ಟ್ ಜೊತೆ ಲೆಗಸಿ ಇರುವುದು ಬೇರೆ, ಫಿಪ್ಸ್ (ಅಮೆರಿಕ ಸರ್ಕಾರದ ಗೂಢಲಿಪಿ ಮಾನದಂಡಕ್ಕೆ ಹೊಂದುವ ಪ್ರೊವೈಡರ್) ಜೊತೆ ಬೇಸ್ ಇರುವುದು ಬೇರೆ. ಒಂದೇ ದೊಡ್ಡ ಫೈಲ್‌ಗೆ ಎಲ್ಲವನ್ನೂ ತುರುಕಿಲ್ಲ. ಟೆಸ್ಟ್ ಓಡಿಸುವ ಸ್ಕ್ರಿಪ್ಟೇ ‘ಓಪನ್‌ಎಸ್‌ಎಸ್‌ಎಲ್ ಕಾನ್ಫ್’ (OPENSSL_CONF) ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಸೋರ್ಸ್‌ನಲ್ಲಿರುವ ಫೈಲ್‌ನ ದಾರಿ ಕೊಡುತ್ತದೆ, ‘ಓಪನ್‌ಎಸ್‌ಎಸ್‌ಎಲ್ ಮಾಡ್ಯೂಲ್ಸ್’ ವೇರಿಯಬಲ್‌ಗೆ ಈಗಷ್ಟೇ ಬಿಲ್ಡ್ ಆದ ಪ್ರೊವೈಡರ್‌ಗಳ ಫೋಲ್ಡರ್ ಕೊಡುತ್ತದೆ, ಹಾಗಾಗಿ ಮಷೀನಿನಲ್ಲಿ ಮೊದಲೇ ಇನ್‌ಸ್ಟಾಲ್ ಆಗಿರೋದು ನಡುವೆ ಬರೋದಿಲ್ಲ. ಈ ಸಾಲುಗಳು ಸ್ಕ್ರಿಪ್ಟ್‌ನಲ್ಲೇ ಇರಲಿ. ನಿಮ್ಮ ಬ್ಯಾಷ್‌ಆರ್‌ಸಿಯಲ್ಲಿ (ನಿಮ್ಮ ಸ್ವಂತ ಶೆಲ್ ಸೆಟ್ಟಿಂಗ್ ಫೈಲ್) ಇಟ್ಟರೆ ನಾಳೆ ಟೀಮ್ ಸೇರುವ ಹುಡುಗಿಗೆ ಮತ್ತೆ ಇದೇ ಪಾಡು.

ಸ್ವಂತ ಫೈಲ್ ಬರೆಯುವಾಗ ಎರಡು ಕಡೆ ಜಾಸ್ತಿ ಗಮನ ಬೇಕು. ‘ಓಪನ್‌ಎಸ್‌ಎಸ್‌ಎಲ್ ಕಾನ್ಫ್ = ಇನಿಟ್ ಸೆಕ್ಷನ್‌ನ ಹೆಸರು’ ಅನ್ನೋ ಫೈಲ್‌ನೊಳಗಿನ ಸಾಲು (openssl_conf, ಮೇಲಿನ ವೇರಿಯಬಲ್ ಅಲ್ಲ) ಮೊದಲ ಚೌಕ ಬ್ರಾಕೆಟ್‌ಗಿಂತ ಮೇಲೇ ಇರಬೇಕು. ಕೆಳಗೆ ಹಾಕಿದರೆ ಅದು ಆ ಸೆಕ್ಷನ್‌ನ ಸಾಲಾಗಿಬಿಡುತ್ತದೆ, ಎರರ್ ಕೂಡ ಬರೋದಿಲ್ಲ, ನಿಮ್ಮ ಪ್ರೊವೈಡರ್ ಸೆಟ್ಟಿಂಗ್ ಪೂರ್ತಿ ವ್ಯರ್ಥ. ಇನ್ನೊಂದು, ಕಾನ್ಫಿಗ್‌ನಲ್ಲಿ ತಪ್ಪಿದ್ದರೂ ಲೈಬ್ರರಿ ಸಾಮಾನ್ಯವಾಗಿ ನುಂಗಿಕೊಂಡು ಮುಂದೆ ಹೋಗುತ್ತದೆ. ‘ಕಾನ್ಫಿಗ್ ಡಯಾಗ್ನಾಸ್ಟಿಕ್ಸ್ = 1’ ಅಂತ ಅದೇ ಮೇಲ್ಭಾಗದಲ್ಲಿ ಹಾಕಿ, ತಪ್ಪು ಅಲ್ಲೇ ಹೊರಬೀಳುತ್ತದೆ. ಇದರ ಮೇಲೆ ನಾನು ಇನ್ನೊಂದು ಟೆಸ್ಟ್ ಸೇರಿಸಿ ಅಂತೀನಿ: ಡಿಫಾಲ್ಟ್ ಮಾತ್ರ ಇರುವ ಕಾನ್ಫಿಗ್‌ನಲ್ಲಿ ಮೊದಲಿಗೆ ಎಂಡಿ4 ಕೇಳಿ, ಸಿಗಬಾರದು. ಸಿಕ್ಕರೆ ಬೇರೆ ಯಾವುದೋ ಫೈಲ್ ಓದುತ್ತಿದ್ದೀರಿ ಅಂತ ಅರ್ಥ, ಉಳಿದ ಟೆಸ್ಟ್‌ಗಳನ್ನು ಅಲ್ಲೇ ನಿಲ್ಲಿಸಿ.

ಪ್ರಶ್ನೆ: ಕಾನ್ಫಿಗ್ ಫೈಲ್‌ಗಳನ್ನೆಲ್ಲ ಗಿಟ್‌ಗೆ ಹಾಕಬಹುದಾ? ಫಿಪ್ಸ್ ಫೈಲ್ ಕೂಡ?

ಉತ್ತರ: ಕೈಯಲ್ಲಿ ಬರೆದಿದ್ದನ್ನು ಖಂಡಿತ ಹಾಕಿ. ಫಿಪ್ಸ್ ಮಾಡ್ಯೂಲ್‌ನ ಫೈಲ್ ಬೇಡ. ಅದನ್ನು ‘ಫಿಪ್ಸ್ ಇನ್‌ಸ್ಟಾಲ್’ ಕಮಾಂಡ್ ತಯಾರಿಸುತ್ತದೆ, ಅದರೊಳಗೆ ಆ ಮಾಡ್ಯೂಲ್‌ನದ್ದೇ ಎಚ್‌ಮ್ಯಾಕ್ (ಮಾಡ್ಯೂಲ್ ಬದಲಾಗಿಲ್ಲ ಅಂತ ತಾಳೆ ನೋಡುವ ಲೆಕ್ಕ) ಇರುತ್ತದೆ. ಮಾಡ್ಯೂಲ್ ಮತ್ತೆ ಬಿಲ್ಡ್ ಆಗಿ ಬದಲಾದರೆ ಹಳೆಯ ಲೆಕ್ಕ ತಾಳೆಯಾಗೋದಿಲ್ಲ, ಮಾಡ್ಯೂಲ್ ಲೋಡ್ ಆಗೋದಿಲ್ಲ. ಒಂದು ಮಷೀನಿಂದ ಇನ್ನೊಂದಕ್ಕೆ ಕಾಪಿ ಮಾಡಬಾರದು ಅಂತ ಓಪನ್‌ಎಸ್‌ಎಸ್‌ಎಲ್ 3.0ರ ಕೈಪಿಡಿಯಲ್ಲೇ ಇದೆ. ಪ್ರತಿ ಬಿಲ್ಡ್‌ನಲ್ಲೂ ಹೊಸದಾಗಿ ಮಾಡಿಸಿ, ನಿಮ್ಮ ಫೈಲ್‌ನಿಂದ ಇನ್‌ಕ್ಲೂಡ್ ಮಾಡಿಕೊಳ್ಳಿ. ಬೇಸ್ ಪ್ರೊವೈಡರನ್ನೂ ಜೊತೆಗೆ ಆನ್ ಮಾಡಿ, ಇಲ್ಲದಿದ್ದರೆ ಫೈಲ್‌ನಿಂದ ಕೀ ಓದೋಕಾಗಲ್ಲ.

ಟೆಂಪ್ಲೇಟ್‌ನಿಂದ ಹುಟ್ಟುವ ಕಾನ್ಫಿಗ್ ಆದರೆ ಎರಡನ್ನೂ ಗಿಟ್‌ನಲ್ಲಿಡಬಹುದು, ಒಂದು ಷರತ್ತಿನ ಮೇಲೆ. ಓಪನ್‌ಎಸ್‌ಎಸ್‌ಎಲ್‌ನ ಟಿಎಲ್‌ಎಸ್ ಟೆಸ್ಟ್‌ಗಳಲ್ಲಿ ಪರ್ಲ್‌ನಲ್ಲಿ ಬರೆದ ಮೂಲವೂ ಇದೆ, ಅದರಿಂದ ಹುಟ್ಟಿದ ಉದ್ದನೆಯ ಕಾನ್ಫಿಗ್ಗೂ ಇದೆ. ಟೆಸ್ಟ್ ಓಡುವಾಗ ಮೂಲದಿಂದ ಮತ್ತೆ ಹುಟ್ಟಿಸಿ ಎರಡನ್ನೂ ಹೋಲಿಸುತ್ತಾರೆ. ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ಟೆಸ್ಟೇ ಫೇಲ್. ಆ ಹೋಲಿಕೆ ಇಲ್ಲದಿದ್ದರೆ ಮೂಲ ಮಾತ್ರ ಸಾಕು.

ಪ್ರಶ್ನೆ: ಏನೂ ಬದಲಿಸದೆ ಟೆಸ್ಟ್ ಇದ್ದಕ್ಕಿದ್ದಂತೆ ಫೇಲ್ ಆಗಬಹುದಾ?

ಉತ್ತರ: ಆಗಬಹುದು, ಓಪನ್‌ಎಸ್‌ಎಸ್‌ಎಲ್‌ಗೇ ಆಗಿದೆ. ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ (ಸರ್ಟಿಫಿಕೇಟ್‌ಗಳನ್ನು ಸಾರ್ವಜನಿಕ ಲಾಗ್‌ನಲ್ಲಿ ದಾಖಲಿಸುವ ವ್ಯವಸ್ಥೆ) ಟೆಸ್ಟ್‌ಗೆ ಬಳಸುತ್ತಿದ್ದ ಸರ್ಟಿಫಿಕೇಟ್‌ಗಳ ಅವಧಿ 2022ರ ಜೂನ್ 1ಕ್ಕೆ ಮುಗಿಯಿತು, ಅವತ್ತಿನಿಂದ ಹಳೆಯ ಸೋರ್ಸ್ ಬಿಲ್ಡ್ ಮಾಡಿದವರಿಗೆಲ್ಲ ಟೆಸ್ಟ್ ಫೇಲ್. ಅದೇ ತಿಂಗಳು ಬಂದ 3.0.4ರಲ್ಲಿ ಹೊಸ ಸರ್ಟಿಫಿಕೇಟ್ ಹಾಕಿದರು. ನಿಮ್ಮ ಟೆಸ್ಟ್ ಸರ್ಟಿಫಿಕೇಟ್‌ಗಳಿಗೆ ನೂರು ವರ್ಷದ ಅವಧಿ ಕೊಡಿ. ಅವಧಿ ಮುಗಿದಿದ್ದನ್ನೇ ಪರೀಕ್ಷಿಸಬೇಕಾದರೆ ಅದಕ್ಕೆ ಬೇರೆ ಸರ್ಟಿಫಿಕೇಟ್ ಇಟ್ಟು, ಯಾಕೆ ಹಾಗಿದೆ ಅಂತ ಪಕ್ಕದಲ್ಲೇ ಒಂದು ಸಾಲು ಬರೆದಿಡಿ.