ಪೋಕರ್‌ನಲ್ಲಿ ಲೂಸ್ ಆಗಿ (ಎಂಥ ಎಲೆ ಬಂದರೂ ಬಿಡದೆ) ಆಡುವವರ ಟೇಬಲ್ ಆರಿಸಬೇಕಾ, ಗಟ್ಟಿ ಆಟಗಾರರ ಜೊತೆ ಕೂತು ಕಲಿಯಬೇಕಾ?

ಲೂಸ್ ಟೇಬಲ್ಲೇ ಹುಡುಕಿ ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಹುಡುಕಿ ಕೂತೇ ನಾನು ಕೈ ಸುಟ್ಟುಕೊಂಡಿದ್ದು.

ಗೋವಾದಲ್ಲಿ ಮಾಂಡವಿ ನದಿಯ ಮೇಲಿನ ಒಂದು ಕ್ಯಾಸಿನೊ ಹಡಗು. ನೂರು-ಇನ್ನೂರು ಬ್ಲೈಂಡ್‌ನ (ಎಲೆ ನೋಡುವ ಮೊದಲೇ ಇಬ್ಬರು ಇಡಲೇಬೇಕಾದ ದುಡ್ಡು) ಎರಡು ಟೇಬಲ್ ನಡೆಯುತ್ತಿದ್ದವು. ಒಂದರಲ್ಲಿ ಹೆಡ್‌ಫೋನ್ ಹಾಕಿಕೊಂಡ ಹುಡುಗರು, ಮಾತಿಲ್ಲ ಕತೆಯಿಲ್ಲ. ಒಬ್ಬ ರೈಸ್ ಮಾಡಿದರೆ, ಅಂದರೆ ಬೆಟ್ ಏರಿಸಿದರೆ, ಉಳಿದವರೆಲ್ಲ ಎಲೆ ಎಸೆಯುತ್ತಿದ್ದರು. ಇನ್ನೊಂದರಲ್ಲಿ ಜಾತ್ರೆ. ಪ್ರತಿ ಆಟದಲ್ಲೂ ನಾಲ್ಕೈದು ಜನ ದುಡ್ಡು ಕೊಟ್ಟು ಫ್ಲಾಪ್ (ಎಲ್ಲರಿಗೂ ಸೇರಿ ಟೇಬಲ್ ಮೇಲೆ ತೆರೆಯುವ ಮೊದಲ ಮೂರು ಎಲೆ) ನೋಡುತ್ತಿದ್ದರು. ದಪ್ಪ ಉಂಗುರದ ಒಬ್ಬ ಯಜಮಾನರಂತೂ ಎಲೆ ತಿರುಗಿಸುವ ಮೊದಲೇ ಚಿಪ್ಸ್ ತಳ್ಳುತ್ತಿದ್ದರು. ಅವರ ಬಲಗಡೆ ಒಂದು ಕುರ್ಚಿ ಖಾಲಿ ಇತ್ತು. ಹೋಗಿ ಕೂತೆ.

ಟೇಬಲ್ ತಪ್ಪಾಗಿರಲಿಲ್ಲ. ಕುರ್ಚಿ ತಪ್ಪು. ಇದನ್ನು ಬಿಡಿಸಿ ಹೇಳಲೇಬೇಕು. ಪೋಕರ್‌ನಲ್ಲಿ ಸರದಿ ಎಡಕ್ಕೆ ಸಾಗುತ್ತದೆ. ಯಜಮಾನರು ನನ್ನ ಎಡಕ್ಕಿದ್ದರು, ಅಂದರೆ ನಾನು ಏನೇ ಮಾಡಿದರೂ ಅವರ ಸರದಿ ನನ್ನ ನಂತರ. ಇನ್ನೂರು ಕೊಟ್ಟು ಸುಮ್ನೆ ಫ್ಲಾಪ್ ನೋಡೋಣ ಅಂದರೆ ಅವರು ಸಾವಿರದ ನಾನೂರು ಮಾಡುತ್ತಿದ್ದರು. ನಾನು ಎಂಟುನೂರು ಇಟ್ಟರೆ ಅವರದ್ದು ಮೂರು ಸಾವಿರ. ಅವರೇ ನನ್ನ ಬಲಕ್ಕಿದ್ದಿದ್ದರೆ? ಅವರು ಮೊದಲು ಎರಚುತ್ತಿದ್ದರು. ಎಲೆ ಚೆನ್ನಾಗಿದ್ದರೆ ನಾನು ಇನ್ನೂ ಏರಿಸಿ, ಉಳಿದವರನ್ನು ಓಡಿಸಿ, ಅವರೊಬ್ಬರ ಜೊತೆ ಆಡಬಹುದಿತ್ತು. ಕೆಟ್ಟದಾಗಿದ್ದರೆ ಖರ್ಚಿಲ್ಲದೆ ಎಸೆಯಬಹುದಿತ್ತು. ನಾನು ಕೂತ ಕುರ್ಚಿಯಲ್ಲಿ, ಫ್ಲಾಪ್ ಆದ ಮೇಲೆ ಅವರು ನನಗಿಂತ ಮೊದಲು ಆಡಬೇಕಾಗಿದ್ದು ಡೀಲರ್ ಬಟನ್ (ಪ್ರತಿ ಆಟಕ್ಕೂ ಒಂದು ಕುರ್ಚಿ ಎಡಕ್ಕೆ ಸರಿಯುವ ಬಿಲ್ಲೆ, ಫ್ಲಾಪ್ ಆದ ಮೇಲೆ ಸರದಿ ಅದರ ಎಡದವರಿಂದ ಶುರು) ನನ್ನ ಮುಂದಿದ್ದಾಗ ಮಾತ್ರ. ಒಂಬತ್ತು ಜನರ ಟೇಬಲ್‌ನಲ್ಲಿ ಅದು ಒಂಬತ್ತರಲ್ಲಿ ಒಂದು ಸಲ.

ಆಮೇಲೆ ಎಕ್ಕ-ಗುಲಾಮ ಬಂತು. ಎಂಟುನೂರು ಇಟ್ಟೆ. ಯಜಮಾನರು ಮೂರು ಸಾವಿರ. ಅವರ ಎಡಪಕ್ಕದ ಹುಡುಗ ಕಾಲ್ (ಅಷ್ಟೇ ದುಡ್ಡು ಕೊಟ್ಟ), ಇನ್ನೊಬ್ಬರೂ ಕಾಲ್. ನಾನೂ ಕೊಟ್ಟೆ. ಫ್ಲಾಪ್‌ನಲ್ಲಿ ಗುಲಾಮ, ಒಂಬತ್ತು, ಐದು. ಚೆಕ್ ಮಾಡಿದೆ, ಅಂದರೆ ಏನೂ ಇಡದೆ ಸರದಿ ದಾಟಿಸಿದೆ. ಯಜಮಾನರು ಆರು ಸಾವಿರ ಎಸೆದರು, ಹುಡುಗ ಮತ್ತೆ ಕಾಲ್. ನನ್ನ ಕಣ್ಣಿಗೆ ಕಂಡಿದ್ದು ಯಜಮಾನರು ಮಾತ್ರ. ಉಳಿದ ಹದಿನೇಳು ಸಾವಿರ ಪೂರ್ತಿ ತಳ್ಳಿದೆ. ಯಜಮಾನರು ನಗುತ್ತಾ ಎಲೆ ಎಸೆದರು. ಹುಡುಗ ಎಸೆಯಲಿಲ್ಲ. ಅವನ ಕೈಯಲ್ಲಿ ಜೋಡಿ ಐದು, ಫ್ಲಾಪ್‌ನ ಐದೂ ಸೇರಿ ಮೂರು ಐದು. ನನ್ನದು ಬರೀ ಜೋಡಿ ಗುಲಾಮ.

ನಾನು ಬರುವ ಮೊದಲು ನನ್ನ ಕುರ್ಚಿಯಲ್ಲಿದ್ದವನೂ ಅವನೇ. ಎದ್ದು ಯಜಮಾನರ ಎಡಕ್ಕೆ ಹೋಗಿ ಕೂತಿದ್ದನ್ನು ನಾನೇ ನೋಡಿದ್ದೆ. ಏನೋ ಶಕುನ ನಂಬುವವನಿರಬೇಕು ಅಂದುಕೊಂಡಿದ್ದೆ!

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಲೂಸ್ ಅಂದರೆ ದಡ್ಡ ಅಂತಲ್ಲ. ಎಲ್ಲದಕ್ಕೂ ಕಾಲ್ ಮಾಡುವವರು ಬೇರೆ, ಎಲ್ಲದಕ್ಕೂ ಏರಿಸುವವರು ಬೇರೆ. ದುಡ್ಡು ಬರುವುದು ಜಾಸ್ತಿ ಮೊದಲನೆಯವರಿಂದ. ಅವರ ಹತ್ತಿರ ಬ್ಲಫ್ ಮಾಡಲೇಬೇಡಿ, ಒಳ್ಳೆ ಎಲೆ ಬಂದಾಗ ದೊಡ್ಡದಾಗಿ ಬೆಟ್ ಮಾಡಿ. ಅಲ್ಲೂ ಸೋಲು ಬರುತ್ತೆ. ಕೈಯಲ್ಲಿ ಜೋಡಿ ಎಕ್ಕ ಇದ್ದು ಎದುರಿಗೆ ಏನೋ ಎರಡೆಲೆ ಹಿಡಿದ ಒಬ್ಬರೇ ಇದ್ದರೆ ನೂರರಲ್ಲಿ ಸುಮಾರು 85 ಸಲ ಗೆಲ್ಲುತ್ತೀರಿ. ಅಂಥವರು ನಾಲ್ವರು ಕೊನೆವರೆಗೂ ಬಂದರೆ ಅದು 56ಕ್ಕೆ ಇಳಿಯುತ್ತದೆ. ಸೋತರೆ ಸಿಟ್ಟಾಗಬೇಡಿ, ಪಾಟ್ (ನಡುವೆ ಸೇರಿದ ದುಡ್ಡು) ಅಷ್ಟು ದೊಡ್ಡದಾಗಿದ್ದೂ ಅವರಿಂದಲೇ ಅಲ್ವಾ?

ಗಟ್ಟಿ ಆಟಗಾರರ ಜೊತೆ ಕೂತು ಕಲಿಯುವುದು ದುಬಾರಿ ಟ್ಯೂಷನ್. ಎಲ್ಲರೂ ಸರಿಸಮ ಇರುವ ಟೇಬಲ್‌ನಲ್ಲಿ ಖಂಡಿತ ಗೆಲ್ಲುವುದು ಪಾಟ್‌ನಿಂದ ರೇಕ್ (ತನ್ನ ಪಾಲು) ಎತ್ತುವ ಕ್ಯಾಸಿನೊ ಒಂದೇ.

ಮೊದಲು ಆನ್‌ಲೈನ್ ಲಾಬಿಗಳಲ್ಲಿ (ಟೇಬಲ್ ಆರಿಸುವ ಪಟ್ಟಿಯಲ್ಲಿ) ಶೇಕಡಾ ಎಷ್ಟು ಜನ ಫ್ಲಾಪ್ ನೋಡುತ್ತಿದ್ದಾರೆ ಅಂತ ಬರೆದಿರುತ್ತಿತ್ತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ದುಡ್ಡಿಟ್ಟು ಆಡುವ ಆನ್‌ಲೈನ್ ಪೋಕರ್ ನಿಂತಿದೆ. ಗೋವಾಕ್ಕೆ ಹೋದರೆ ಕಣ್ಣಲ್ಲೇ ಎಣಿಸಬೇಕು. ಅರ್ಧ ಗಂಟೆ ಹೊರಗೆ ನಿಂತು, ಯಾರು ಕಾಲ್ ಮಾಡಿ ಮಾಡಿ ಸೋಲುತ್ತಾರೆ, ಯಾರು ಏರಿಸುತ್ತಾರೆ ನೋಡಿ. ಏರಿಸುವವರ ಎಡಕ್ಕೆ ಜಾಗ ಇಲ್ಲದಿದ್ದರೆ ಸೀಟ್ ಚೇಂಜ್ ಬೇಕು ಅಂತ ಡೀಲರ್‌ಗೆ ಮೊದಲೇ ಹೇಳಿಡಿ. ಅದು ಸಿಗುವವರೆಗೂ ಈಗಿನ ಕುರ್ಚಿಯಲ್ಲಿ ಒಳ್ಳೊಳ್ಳೆ ಎಲೆ ಮಾತ್ರ ಆಡಿ. ಎಕ್ಕ-ಗುಲಾಮ ಅದರಲ್ಲಿ ಸೇರಲ್ಲ.