ಚಾವಣಿಯ ಮಳೆನೀರು ವಿದ್ಯಾರ್ಥಿನಿಲಯಕ್ಕೆ ಸಾಲುವುದೇ?

ಪ್ರಶ್ನೆ: ಬಯಲುಸೀಮೆಯಲ್ಲಿರುವ ನಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯದಲ್ಲಿ 300 ಮಂದಿಯಿದ್ದಾರೆ. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರ್ ನೀರನ್ನೇ ನಂಬಬೇಕಾಗುತ್ತದೆ. ಚಾವಣಿ ಸುಮಾರು 2,000 ಚದರ ಮೀಟರ್ ಇದ್ದು, ವರ್ಷಕ್ಕೆ 600 ಮಿ.ಮೀ. ಮಳೆಯಾಗುತ್ತದೆ. ಮಳೆನೀರು ಹಿಡಿದರೆ ಟ್ಯಾಂಕರ್ ತಪ್ಪೀತೇ? ಹೊಸ ಕಟ್ಟಡಕ್ಕೆ ಮಣ್ಣಿನ ಇಟ್ಟಿಗೆ ಬಳಸಬಹುದೇ?
— ಒಬ್ಬ ಅಧ್ಯಾಪಕಿ

ಉತ್ತರ: ಪೂರ್ತಿಯಾಗಿ ತಪ್ಪದು. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರಾಗುವುದರಿಂದ ನಿಮ್ಮ ಚಾವಣಿಗೆ ಬೀಳುವುದು 12 ಲಕ್ಷ ಲೀಟರ್; ಆವಿಯಾದದ್ದನ್ನೂ ಕೊಳೆಯೊಂದಿಗೆ ಹೊರಬಿಡಬೇಕಾದ ಮೊದಲ ಮಳೆಯನ್ನೂ ಕಳೆದರೆ ಸುಮಾರು 10 ಲಕ್ಷ ಉಳಿದೀತು. ವಿದ್ಯಾರ್ಥಿನಿಲಯಕ್ಕೆ ತಲಾ 135 ಲೀಟರ್ ಎಂಬ ಭಾರತೀಯ ಮಾನಕವನ್ನು ಹಿಡಿದರೆ ದಿನಕ್ಕೆ 40,500 ಲೀಟರ್ ಬೇಕು, ಅಂದರೆ ವರ್ಷದ ಮಳೆಯೆಲ್ಲ 25 ದಿನಕ್ಕೂ ಸಾಲದು. ಆದರೆ ಅದನ್ನು ಶೋಧಿಸಿ, ಪರೀಕ್ಷಿಸಿ, ಕುಡಿಯಲು ಮತ್ತು ಅಡುಗೆಗೆ ಮಾತ್ರ ತಲಾ 5 ಲೀಟರ್‌ನಂತೆ ಬಳಸಿದರೆ ದಿನಕ್ಕೆ 1,500 ಲೀಟರ್ ಸಾಕು. ಮಳೆಯಿಲ್ಲದ ಆರು ತಿಂಗಳಿಗೆ 2.7 ಲಕ್ಷ ಲೀಟರಿನ ಮುಚ್ಚಿದ ತೊಟ್ಟಿ ಕಟ್ಟಿಸಿ, ಮಿಕ್ಕದ್ದನ್ನು ಇಂಗುಗುಂಡಿಗೆ ಬಿಡಿ. ಮುಂಗಾರಿಗೆ ಮೊದಲೇ ಚಾವಣಿ ಗುಡಿಸಿಸಿ. ಹೊಂಗೆಯ ತರಗೆಲೆ ಕೊಳವೆಯ ಬಾಯಿಗೆ ಮೆತ್ತಿಕೊಂಡರೆ ಎಂಥ ಶೋಧಕವಿದ್ದೂ ಪ್ರಯೋಜನವಿಲ್ಲ.

ಟ್ಯಾಂಕರ್ ಸಂಖ್ಯೆ ನಿಜವಾಗಿ ಇಳಿಯುವುದು ಶೌಚಾಲಯದಲ್ಲಿ. ಫ್ಲಶ್ ತೊಟ್ಟಿಗೆ ಚಿಟಿಕೆ ಅಡುಗೆಬಣ್ಣ ಹಾಕಿ ಕಾಲು ಗಂಟೆ ಬಿಡಿ. ಗುಂಡಿ ಒತ್ತದೆಯೂ ಕಮೋಡಿನಲ್ಲಿ ಬಣ್ಣ ಕಂಡರೆ ಹಗಲೂ ರಾತ್ರಿ ನೀರು ಸೋರುತ್ತಿದೆ ಎಂದೇ ಅರ್ಥ. (ಗೋಡೆಯ ಮೇಲೆ ಜಲ ಉಳಿಸುವ ಘೋಷಣೆ ಬರೆಸುವ ಮುನ್ನ ಇದು ಆಗಲಿ.) ಸ್ನಾನದ ನೀರನ್ನು ಸಂಸ್ಕರಿಸಿ ಫ್ಲಶ್‌ಗೆ ಹರಿಸಲು ಪ್ರತ್ಯೇಕ ಕೊಳವೆ ಬೇಕು, ಹೊಸ ಕಟ್ಟಡದಲ್ಲಿ ಅದನ್ನು ನಕ್ಷೆಯಲ್ಲೇ ಸೇರಿಸಿ, ಏಕೆಂದರೆ ಆಮೇಲೆ ಗೋಡೆ ಒಡೆಯುವುದು ದುಬಾರಿ.

ಮಣ್ಣಿನ ಇಟ್ಟಿಗೆಯನ್ನು ಧಾರಾಳವಾಗಿ ಬಳಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತುವ, ಸುಡುವ ಅಗತ್ಯವಿಲ್ಲದ ಇಂಥ ಇಟ್ಟಿಗೆಗಳ ಮೇಲೆ ಬಹಳ ಕೆಲಸ ಮಾಡಿದೆ. ಆದರೆ ಎರೆಮಣ್ಣು ಇದಕ್ಕೆ ಒಗ್ಗದು. ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿಡಿ. ತಳದಲ್ಲಿ ಮೊದಲು ಕೂರುವ ಮರಳಿನ ಪದರ ತೆಳುವಾಗಿದ್ದರೆ ಮರಳು ಸೇರಿಸಬೇಕು. ಒತ್ತಿದ ಇಟ್ಟಿಗೆಯನ್ನು ಮೂರು-ನಾಲ್ಕು ವಾರ ತೇವವಾಗಿಡಬೇಕಾದ್ದರಿಂದ ಆ ಕೆಲಸವನ್ನು ಮಳೆಗಾಲದ ಕೊನೆಗೆ ಹೊಂದಿಸಿಕೊಳ್ಳಿ, ಟ್ಯಾಂಕರ್ ನೀರಿನಲ್ಲಿ ಮಾಡಬೇಡಿ.