ಮಕ್ಕಳ ಪಾಲನೆ: ಓದುಗರ ಪ್ರಶ್ನೆಗಳಿಗೆ ಮಕ್ಕಳ ವೈದ್ಯರ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹಾಲುಗೂಸಿನ ತಾಯಿಯಿಂದ ಹಿಡಿದು ಎಸ್ಸೆಸ್ಸೆಲ್ಸಿ ಓದುವ ಮಗಳ ತಂದೆಯವರೆಗೆ ಎಲ್ಲ ಬಗೆಯ ಪಾಲಕರಿದ್ದಾರೆ. ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಕೊಡಲಾಗಿದೆ.

ಪ್ರಶ್ನೆ: ನನ್ನ ಮಗಳಿಗೆ ನಾಲ್ಕೂವರೆ ತಿಂಗಳು. ಹೆರಿಗೆಗೆ ಮೊದಲೇ ಆರು ವಾರ ರಜೆ ಹಾಕಬೇಕಾಗಿ ಬಂದದ್ದರಿಂದ ಈಗ ಕೆಲಸಕ್ಕೆ ಮರಳಬೇಕಾಗಿದೆ. ಅತ್ತೆಯವರು ರಾಗಿ ಸರಿ ಶುರು ಮಾಡೋಣ, ನಾಲಿಗೆ ಚೆನ್ನಾಗಿ ತಿರುಗಲು ಜೇನುತುಪ್ಪದಲ್ಲಿ ಬಜೆ ತೇಯ್ದು ನೆಕ್ಕಿಸೋಣ ಎನ್ನುತ್ತಾರೆ. ಲಸಿಕೆ ಹಾಕಿದ ನರ್ಸ್ ಆರು ತಿಂಗಳವರೆಗೆ ಎದೆಹಾಲೇ ಸಾಕು ಎಂದಿದ್ದಾರೆ. ಯಾರ ಮಾತು ಕೇಳಲಿ? – ತುಮಕೂರು

ಉತ್ತರ: ನರ್ಸ್ ಹೇಳಿದ್ದೇ ಸರಿ. ಆರು ತಿಂಗಳು ತುಂಬುವವರೆಗೆ ಎದೆಹಾಲಿನ ಹೊರತು ನೀರು ಕೂಡ ಬೇಡ. ಜೇನುತುಪ್ಪವನ್ನಂತೂ ಒಂದು ವರ್ಷದವರೆಗೆ ಮುಟ್ಟಿಸಲೇಬೇಡಿ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಯ ಕರುಳಿನಲ್ಲಿ ಬೆಳೆದು, ಸ್ನಾಯುಗಳ ಬಲವನ್ನೇ ಕುಗ್ಗಿಸುವ ಬೊಟುಲಿಸಂ ಎಂಬ ಕಾಯಿಲೆಯನ್ನು ತರಬಲ್ಲವು. ಬಜೆಯಿಂದ ಮಾತು ಬೇಗ ಬರುತ್ತದೆ ಎನ್ನುವುದಕ್ಕೆ ಆಧಾರವಿಲ್ಲ, ಹೆಚ್ಚಾದರೆ ಮಗು ವಾಂತಿ ಮಾಡಿಕೊಳ್ಳುತ್ತದೆ.

ನೀವು ಕೆಲಸಕ್ಕೆ ಹೋದರೂ ಎದೆಹಾಲು ನಿಲ್ಲಬೇಕಾಗಿಲ್ಲ. ಕೈ ತೊಳೆದುಕೊಂಡು, ಕುದಿಸಿ ಆರಿಸಿದ ಮುಚ್ಚಳದ ಸ್ಟೀಲ್ ಪಾತ್ರೆಗೆ ಹಾಲು ಹಿಂಡಿಟ್ಟರೆ ಅದನ್ನು ಹೊರಗೆ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ಒಂದು ದಿನ ಇಡಬಹುದು. ಕುಡಿಸುವಾಗ ಅದನ್ನು ಒಲೆಯ ಮೇಲೆ ಕಾಯಿಸದೆ, ಪಾತ್ರೆಯನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿದರೆ ಸಾಕು. ಬಾಟಲಿಯ ಬದಲು ಒಳಲೆಯಲ್ಲಿ (ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ) ಕುಡಿಸುವುದು ಒಳ್ಳೆಯದು, ಏಕೆಂದರೆ ಬಾಟಲಿಯ ನಿಪ್ಪಲನ್ನು ಶುಚಿಯಾಗಿಡುವುದು ಕಷ್ಟ, ಒಳಲೆಯನ್ನು ತೊಳೆದು ಕುದಿಸುವುದು ಸುಲಭ. ಹೆರಿಗೆ ಸೌಲಭ್ಯದ ಕಾನೂನು ನಿಮಗೆ ಅನ್ವಯಿಸುವುದಾದರೆ 26 ವಾರಗಳ ರಜೆಯಲ್ಲದೆ, ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸುವ ಬಿಡುವಿಗೂ ನೀವು ಹಕ್ಕುದಾರರು. ಇದನ್ನು ಸಂಕೋಚವಿಲ್ಲದೆ ಕಚೇರಿಯಲ್ಲಿ ಕೇಳಿ.

ಅತ್ತೆಯವರ ಕಾಳಜಿಯನ್ನು ತಳ್ಳಿಹಾಕಬೇಡಿ. ರಾಗಿ ಸರಿ ಬೇಡವೆಂದಲ್ಲ, ಇನ್ನು ಒಂದೂವರೆ ತಿಂಗಳು ತಡೆಯಬೇಕು, ಅಷ್ಟೇ. ಅಷ್ಟರಲ್ಲಿ ಅವರ ಕೈಯಿಂದಲೇ ರಾಗಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು ಹಿಟ್ಟು ಮಾಡಿಸಿಡಿ. ಮೊಳಕೆ ಬಂದ ರಾಗಿಯ ಸರಿ ಬೇಗ ಗಟ್ಟಿಯಾಗುವುದಿಲ್ಲವಾದ್ದರಿಂದ ನೀರು ಕಡಿಮೆ ಹಾಕಿ ಹೆಚ್ಚು ಹಿಟ್ಟು ಬೇಯಿಸಬಹುದು, ಮಗುವಿನ ಪುಟ್ಟ ಹೊಟ್ಟೆಗೆ ನೀರಿಗಿಂತ ಆಹಾರವೇ ಹೆಚ್ಚು ಸೇರುತ್ತದೆ. ಚಮಚವನ್ನು ಓರೆ ಮಾಡಿದರೆ ಸುರಿದುಹೋಗದಷ್ಟು ಗಟ್ಟಿ ಇರಲಿ. ಉಪ್ಪು, ಸಕ್ಕರೆ ಬೇಡ, ಅರ್ಧ ಚಮಚ ತುಪ್ಪ ಇರಲಿ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದ್ದರೂ ಅದರಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ರಾಗಿ ಸರಿಯನ್ನಷ್ಟೇ ಉಂಡು ದುಂಡಗಿದ್ದರೂ ರಕ್ತಹೀನತೆಯಿಂದ ಬಿಳಿಚಿಕೊಂಡ ಮಕ್ಕಳನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಆದ್ದರಿಂದ ಕೆಲವೇ ವಾರಗಳಲ್ಲಿ ಬೇಳೆ, ಸೊಪ್ಪು, ಹಣ್ಣು, ತಿನ್ನುವ ಮನೆಯಾದರೆ ಮೊಟ್ಟೆಯೂ ಊಟಕ್ಕೆ ಸೇರಲಿ, ಕಬ್ಬಿಣಾಂಶದ ಹನಿಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.

ಪ್ರಶ್ನೆ: ನನ್ನ ಮಗನಿಗೆ ಎರಡು ವರ್ಷ ಮೂರು ತಿಂಗಳು. ಅಮ್ಮ, ಬಾ, ಹಾಲು ಎಂಬಂತಹ ಐದಾರು ಪದ ಬಿಟ್ಟರೆ ಮಾತಿಲ್ಲ. ಮೊಬೈಲ್ ಕೊಡದಿದ್ದರೆ ಒಂದು ತುತ್ತೂ ಉಣ್ಣುವುದಿಲ್ಲ. ಅವರಪ್ಪನಿಗೂ ಮಾತು ತಡವಾಗಿ ಬಂತು ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷಿನಲ್ಲಷ್ಟೇ ಮಾತಾಡಿದರೆ ಮಗುವಿಗೆ ಗೊಂದಲವಾಗದು ಎಂದೂ ಕೆಲವರು ಸಲಹೆ ಕೊಟ್ಟಿದ್ದಾರೆ. – ಹುಬ್ಬಳ್ಳಿ

ಉತ್ತರ: ದಯವಿಟ್ಟು ಕಾಯಬೇಡಿ. ಎರಡು ವರ್ಷಕ್ಕೆ ಹೆಚ್ಚಿನ ಮಕ್ಕಳು ಸುಮಾರು ಐವತ್ತು ಪದಗಳನ್ನು ಆಡುತ್ತಾರೆ, "ಅಪ್ಪ ಬಾ", "ಹಾಲು ಬೇಕು" ಎಂದು ಎರಡು ಪದ ಜೋಡಿಸುತ್ತಾರೆ. ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ಬಾಗಿಲು ಬಡಿದರೆ ತಿರುಗಿ ನೋಡುತ್ತಾನೆ ಎಂಬುದು ಕಿವಿ ಪೂರ್ತಿ ಕೇಳಿಸುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ದಪ್ಪ ಸದ್ದು ಕೇಳಿಸಿದರೂ ಮಾತಿನ ಸೂಕ್ಷ್ಮ ಧ್ವನಿಗಳು ಕೇಳಿಸದಿರಬಹುದು. ಮಗು ಉತ್ತರಿಸದಿದ್ದರೂ, ನಿದ್ದೆಯಲ್ಲಿದ್ದಾಗಲೂ ಮಾಡಬಹುದಾದ ಪರೀಕ್ಷೆಗಳಿವೆ. ನಿಮ್ಮೂರಿನ ದೊಡ್ಡ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ವಿಚಾರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದದ್ದು. ಹೆಸರು ಕರೆದರೆ ತಿರುಗುತ್ತಾನೆಯೇ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾನೆಯೇ, ಏನಾದರೂ ಚಂದ ಕಂಡಾಗ ನಿಮ್ಮ ಮುಖ ನೋಡುತ್ತಾನೆಯೇ ಎಂಬುದನ್ನು ಒಂದು ವಾರ ಗಮನಿಸಿ ಬರೆದಿಟ್ಟುಕೊಂಡು ವೈದ್ಯರಿಗೆ ಹೇಳಿ. ಈ ಮೂರೂ ಇಲ್ಲವಾದರೆ ಆಟಿಸಂ ಕುರಿತ ತಪಾಸಣೆಯೂ ಆಗಬೇಕು. ಆ ಪದ ಕೇಳಿ ಹೆದರಬೇಡಿ, ಬೇಗ ತಿಳಿದಷ್ಟೂ ಮಗುವಿಗೆ ಹೆಚ್ಚು ಸಹಾಯ ಸಿಗುತ್ತದೆ.

ಭಾಷೆಯನ್ನು ಬದಲಿಸಬೇಡಿ. ಎರಡು ಭಾಷೆ ಕಿವಿಗೆ ಬಿದ್ದುದರಿಂದ ಮಾತು ತಡವಾಗುವುದಿಲ್ಲ. ತಾಯಿ ತಾನು ನಿರಾಳವಾಗಿ ಆಡುವ ಭಾಷೆಯನ್ನು ಬಿಟ್ಟಾಗ ಮಾತುಗಳೇ ಕಡಿಮೆಯಾಗಿ ಮಗುವಿಗೆ ನಷ್ಟವಾಗುತ್ತದೆ.

ಇನ್ನು ಮೊಬೈಲ್. ಎರಡು ವರ್ಷದೊಳಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ತಜ್ಞರ ಸಂಘ ಹೇಳುತ್ತದೆ; ಊಟದ ಹೊತ್ತಿಗಂತೂ ಅದು ಪೂರ್ತಿ ನಿಲ್ಲಬೇಕು. ಪರದೆ ನೋಡುತ್ತ ಬಾಯಿ ತೆರೆಯುವ ಮಗುವಿಗೆ ಹಸಿವಾದದ್ದೂ ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ. ನಿಲ್ಲಿಸುವ ದಿನವನ್ನು ಮನೆಯವರೆಲ್ಲ ಕೂತು ನಿರ್ಧರಿಸಿ, ಏಕೆಂದರೆ ಒಬ್ಬರು ಕಸಿದುಕೊಂಡು ಇನ್ನೊಬ್ಬರು ಕೊಟ್ಟರೆ ಜೋರಾಗಿ ಅತ್ತರೆ ಸಿಗುತ್ತದೆ ಎಂಬುದನ್ನೇ ಮಗು ಕಲಿಯುತ್ತದೆ. ಊಟಕ್ಕೆ ಎರಡು ಗಂಟೆ ಮೊದಲಿನಿಂದ ಹಾಲು, ಬಿಸ್ಕತ್ತು ಕೊಡಬೇಡಿ. ನಿಮ್ಮೊಂದಿಗೆ ನೆಲದ ಮೇಲೆ ಕೂರಿಸಿ, ಅವನದೇ ಪುಟ್ಟ ತಟ್ಟೆಯಲ್ಲಿ ಬೇಳೆಯಲ್ಲಿ ನೆನೆದ ರೊಟ್ಟಿಯ ಚೂರುಗಳನ್ನಿಟ್ಟು ಅವನ ಕೈಯಿಂದಲೇ ತಿನ್ನಲು ಬಿಡಿ. ಅರ್ಧ ನೆಲಕ್ಕೆ ಬೀಳಲಿ. "ಇದು ರೊಟ್ಟಿ, ಬಿಸಿ ರೊಟ್ಟಿ, ರೊಟ್ಟಿ ಬೇಕಾ?" ಎಂದು ಮಾತಾಡಿ, ಅವನ ಉತ್ತರಕ್ಕೆ ಸ್ವಲ್ಪ ಕಾಯಿರಿ. ಅರ್ಧ ಗಂಟೆಯಾದ ಮೇಲೆ ಉಂಡಿರಲಿ ಬಿಡಲಿ, ಬೈಯದೆ ತಟ್ಟೆ ಎತ್ತಿ. ಮೊದಲ ಮೂರು ನಾಲ್ಕು ದಿನ ಅಳು ಜೋರಾಗಿಯೇ ಇರುತ್ತದೆ. ಆ ಹೊತ್ತಿನಲ್ಲಿ ಅಜ್ಜಿಯ ಕಣ್ಣಲ್ಲಿ ನೀರು ಬರುವುದೂ ಸಹಜ. ಆದರೆ ಬೇರೆ ಕಾಯಿಲೆಯಿಲ್ಲದ ಮಗು ಒಂದೆರಡು ಹೊತ್ತು ಕಡಿಮೆ ಉಂಡರೆ ಅಪಾಯವಿಲ್ಲ.

ಪ್ರಶ್ನೆ: ನಾಲ್ಕು ವರ್ಷದ ಮಗಳು ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಳ್ಳುತ್ತಾಳೆ. ಬೈದರೂ ನಿಲ್ಲಿಸಿಲ್ಲ. – ಉಡುಪಿ

ಉತ್ತರ: ಅವಳು ಅದನ್ನು ಬೇಕೆಂದು ಮಾಡುತ್ತಿಲ್ಲ, ಆದ್ದರಿಂದ ಬೈಗುಳಕ್ಕೆ ಅದು ನಿಲ್ಲುವುದೂ ಇಲ್ಲ. ಐದು ವರ್ಷದವರೆಗೆ ಇದು ಕಾಯಿಲೆಯಲ್ಲ. ಮಲಗುವ ಮುನ್ನ ಶೌಚಕ್ಕೆ ಕರೆದೊಯ್ಯಿರಿ, ಮಲಬದ್ಧತೆ ಇದ್ದರೆ ಅದನ್ನು ಸರಿಪಡಿಸಿ. ಆರು ತಿಂಗಳಿಗೂ ಹೆಚ್ಚು ಕಾಲ ಒಣಗಿದ್ದ ಹಾಸಿಗೆ ಈಗ ಮತ್ತೆ ಒದ್ದೆಯಾಗುತ್ತಿದ್ದರೆ ಅಥವಾ ವಿಪರೀತ ಬಾಯಾರಿಕೆ, ಮೂತ್ರದಲ್ಲಿ ಉರಿ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಒಂಬತ್ತು ವರ್ಷದ ಮಗ ಗಣಿತದಲ್ಲಿ ಕಡಿಮೆ ಅಂಕ ಬಂದ ಉತ್ತರಪತ್ರಿಕೆಗೆ ತಾನೇ ಅಪ್ಪನ ಸಹಿ ಹಾಕಿ ಕೊಟ್ಟಿದ್ದಾನೆ. ಯಜಮಾನರು "ದಂಡಂ ದಶಗುಣಂ" ಎಂದು ಬೆಲ್ಟಿನಿಂದ ಹೊಡೆದರು. ನನಗೆ ತಡೆಯಲಾಗಲಿಲ್ಲ. – ಶಿವಮೊಗ್ಗ

ಉತ್ತರ: ಬೆಲ್ಟು ಮತ್ತೆ ಮೇಲೇಳಬಾರದು. ಶಾಲೆಯಲ್ಲಿ ಶಿಕ್ಷಕರು ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಹೊರಗಿನವರಿಗೆ ಸಲ್ಲದ ಕೆಲಸ ಹೆತ್ತವರಿಗೂ ಸಲ್ಲದು. ನಿಮ್ಮ ಮಗ ಸಹಿ ಹಾಕಿದ್ದು ಹೆದರಿಕೆಯಿಂದ. ಹೊಡೆತ ಆ ಹೆದರಿಕೆಯನ್ನು ಹೆಚ್ಚಿಸಿದೆ, ಗಣಿತವನ್ನು ಕಲಿಸಿಲ್ಲ. ಮುಂದಿನ ಬಾರಿ ಅವನು ಇನ್ನೂ ಎಚ್ಚರಿಕೆಯಿಂದ ಮುಚ್ಚಿಡುತ್ತಾನೆ. ಸುಳ್ಳು ಸಹಿ ತಪ್ಪು ಎಂಬುದನ್ನು ಅವನಿಗೆ ಸ್ಪಷ್ಟವಾಗಿ ಹೇಳಿ, ಅಪ್ಪನೊಂದಿಗೆ ಹೋಗಿ ಶಿಕ್ಷಕರಲ್ಲಿ ಒಪ್ಪಿಕೊಳ್ಳುವಂತೆ ಮಾಡಿ, ವಿಷಯವನ್ನು ಅಲ್ಲಿಗೆ ಮುಗಿಸಿ.

ಬಳಿಕ ಆ ಉತ್ತರಪತ್ರಿಕೆಯನ್ನು ಕೈಗೆತ್ತಿಕೊಂಡು ತಪ್ಪು ಎಲ್ಲಿದೆ ಎಂದು ನೋಡಿ. 52ರಲ್ಲಿ 27 ಕಳೆದು ಮಗು 35 ಎಂದು ಬರೆದಿದ್ದರೆ ಅದು ಅಜಾಗರೂಕತೆಯಲ್ಲ. ಎರಡರಲ್ಲಿ ಏಳು ಹೋಗದು ಎಂದು ಏಳರಲ್ಲೇ ಎರಡನ್ನು ಕಳೆದಿದೆ, ದಶಕ ಪಡೆಯುವುದು ಅದಕ್ಕೆ ಅರ್ಥವೇ ಆಗಿಲ್ಲ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು ಮತ್ತು ಬಿಡಿಯಾಗಿ ಎರಡು ಕಡ್ಡಿ ಕೊಟ್ಟು 27 ತೆಗೆದುಕೊಡು ಎಂದರೆ ಅವನೇ ಒಂದು ಕಟ್ಟನ್ನು ಬಿಚ್ಚುತ್ತಾನೆ. ದಿನಕ್ಕೆ ಹದಿನೈದು ನಿಮಿಷ ಸಾಕು. ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ, ಏಕೆಂದರೆ ಹಲಗೆ ಕಾಣಿಸುತ್ತಿಲ್ಲ ಎಂದು ಮಕ್ಕಳು ತಾವಾಗಿ ಹೇಳುವುದು ಅಪರೂಪ. ಹಲವು ತಿಂಗಳು ಹೀಗೆ ಕಲಿಸಿದರೂ ಸಂಖ್ಯೆಗಳು ಹಿಡಿತಕ್ಕೆ ಬಾರದಿದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆ ಬೇಕಾಗುತ್ತದೆ.

ಪ್ರಶ್ನೆ: ಮಗಳು ಈ ಬಾರಿ ಎಸ್ಸೆಸ್ಸೆಲ್ಸಿ. ರಾತ್ರಿ ಒಂದರವರೆಗೆ ಮೊಬೈಲ್ ಹಿಡಿದಿರುತ್ತಾಳೆ, ಬೆಳಿಗ್ಗೆ ಏಳುವುದಿಲ್ಲ, ಕೋಣೆಯ ಬಾಗಿಲು ಸದಾ ಮುಚ್ಚಿರುತ್ತದೆ. ಮೊನ್ನೆ "ಫೇಲಾದರೆ ನಾನು ಇರುವುದೇ ಇಲ್ಲ" ಎಂದಳು. ಹೆದರಿಸಲು ಹೇಳುತ್ತಾಳೆ ಎನ್ನುತ್ತಾಳೆ ನನ್ನ ಹೆಂಡತಿ. – ಹಾಸನ

ಉತ್ತರ: ಆ ಮಾತನ್ನು ಬೆದರಿಕೆ ಎಂದು ತಳ್ಳಿಹಾಕಬೇಡಿ. ಇಂದೇ, ಅವಳೊಬ್ಬಳೇ ಇರುವಾಗ ಪಕ್ಕದಲ್ಲಿ ಕುಳಿತು, "ಮೊನ್ನೆ ನೀನು ಹೇಳಿದ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಸಾಯಬೇಕು ಅನ್ನಿಸುತ್ತಿದೆಯಾ, ಮಗಳೇ?" ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಳ್ಳಲು ದಾರಿ ಸಿಗುತ್ತದೆ. ಅವಳು ಹೇಳುವಾಗ ನಡುವೆ ಬುದ್ಧಿ ಹೇಳಬೇಡಿ, ನಮ್ಮ ಕಾಲದ ಕಷ್ಟಗಳನ್ನು ತರಬೇಡಿ. ಹೌದು ಎಂದರೆ, ಅಥವಾ ಉತ್ತರಿಸದೆ ಅತ್ತರೆ, ಅವಳನ್ನು ಒಂಟಿಯಾಗಿ ಬಿಡದೆ ಕೂಡಲೇ ಮನೋವೈದ್ಯರ ಬಳಿ ಕರೆದೊಯ್ಯಿರಿ. ಜಿಲ್ಲಾ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ. ಸರಕಾರದ ಟೆಲಿ-ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೂ ಸಿಗುತ್ತದೆ. ಅವಳಷ್ಟೇ ಅಲ್ಲ, ನೀವೂ ಅದಕ್ಕೆ ಕರೆ ಮಾಡಬಹುದು. ಮನೆಯಲ್ಲಿ ತೋಟಕ್ಕೆ ಹೊಡೆಯುವ ಔಷಧಿ ಇದ್ದರೆ, ಹಿರಿಯರ ಮಾತ್ರೆಗಳಿದ್ದರೆ ಇಂದೇ ಬೀಗ ಹಾಕಿ ಕೀಲಿ ನಿಮ್ಮ ಬಳಿ ಇಟ್ಟುಕೊಳ್ಳಿ. ಇದನ್ನು ಎಲ್ಲ ಹದಿಹರೆಯದವರ ಮನೆಗಳಿಗೂ ಹೇಳುತ್ತಿದ್ದೇನೆ.

ನಿದ್ದೆಯ ವಿಷಯದಲ್ಲಿ ಅವಳನ್ನು ಸೋಮಾರಿ ಎನ್ನಬೇಡಿ. ಈ ವಯಸ್ಸಿನಲ್ಲಿ ನಿದ್ದೆ ತರುವ ಮೆಲಟೋನಿನ್ ಮಿದುಳಿನಲ್ಲಿ ತಡವಾಗಿ ಸ್ರವಿಸುವುದರಿಂದ ಹತ್ತು ಗಂಟೆಗೆ ನಿದ್ದೆ ಬಾರದಿರುವುದು ಸಹಜ, ಆದರೆ ಎಂಟು ಗಂಟೆಯಾದರೂ ನಿದ್ದೆ ಬೇಕೇ ಬೇಕು. ಮೊಬೈಲನ್ನು ಕಸಿದುಕೊಳ್ಳುವ ಬದಲು, ರಾತ್ರಿ ಹತ್ತೂವರೆಗೆ ಮನೆಯವರೆಲ್ಲರ ಫೋನೂ ಹಜಾರದಲ್ಲಿ ಚಾರ್ಜಿಗೆ ಹೋಗಬೇಕು ಎಂಬ ನಿಯಮ ಮಾಡಿ, ನಿಮ್ಮದನ್ನೇ ಮೊದಲು ಇಡಿ. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ ಓದಿಸುವ ಪದ್ಧತಿ ಇದ್ದರೆ ಅದನ್ನು ಕೈಬಿಡಿ. ಮುಚ್ಚಿದ ಬಾಗಿಲು ಈ ವಯಸ್ಸಿನ ಸಹಜ ಬೇಡಿಕೆಯೇ ಹೌದು. ಸದ್ಯಕ್ಕೆ ಚಿಲಕ ಹಾಕಬೇಡ, ನಾನು ತಟ್ಟಿಯೇ ಬರುತ್ತೇನೆ ಎಂದು ಒಪ್ಪಿಸಿ.

ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಒಂದರಲ್ಲಿ ಕಡಿಮೆಯಾದರೆ ಅದೇ ವರ್ಷ ಮತ್ತೆ ಬರೆಯಬಹುದು ಎಂಬುದನ್ನು ಫಲಿತಾಂಶ ಬಂದ ಮೇಲೆ ಸಮಾಧಾನಕ್ಕೆ ಹೇಳುವ ಬದಲು ಈಗಲೇ ಹೇಳಿ. ಎಷ್ಟು ಪರ್ಸೆಂಟ್ ಬರಬಹುದು ಎಂದು ನೆಂಟರು ಫೋನಿನಲ್ಲಿ ಕೇಳಿದರೆ ಅವಳ ಕೈಗೆ ಫೋನ್ ಕೊಡದೆ, "ಅವಳು ಓದಿಕೊಳ್ಳುತ್ತಿದ್ದಾಳೆ, ಆ ವಿಷಯ ಈಗ ಬೇಡ" ಎಂದು ಅವಳಿಗೆ ಕೇಳಿಸುವಂತೆ ನೀವೇ ಹೇಳಿ.